ಭಾಗಲಬ್ಧ ಫಂಕ್ಷನ್: ಡೊಮೈನ್‌ನಿಂದ ಅಸಿಂಪ್ಟೋಟ್‌ವರೆಗೆ, ಯಾವ ಹೆಜ್ಜೆ ಮೊದಲು?

ದಾವಣಗೆರೆಗೆ ಹರಿಹರ, ಜಗಳೂರು, ಹೊಳಲ್ಕೆರೆ ಕಡೆಯಿಂದ ಪಿಯು ಓದಲು ಬರುವ ಮಕ್ಕಳ ನೋಟ್‌ಬುಕ್ ತಿರುವಿದರೆ ಒಂದು ತಪ್ಪು ಪದೇ ಪದೇ ಕಣ್ಣಿಗೆ ಬೀಳುತ್ತದೆ. ಅಪವರ್ತನ ಸರಿ ಇರುತ್ತದೆ. ಕೂಡುವುದು, ಕಳೆಯುವುದು ಎಲ್ಲ ಸರಿ ಇರುತ್ತದೆ. ಆದರೂ ಡೊಮೈನ್ ತಪ್ಪು, ಅಸಿಂಪ್ಟೋಟ್ (ಗ್ರಾಫ್ ಹತ್ತಿರ ಹತ್ತಿರ ಹೋಗುವ ಗೆರೆ) ಒಂದು ಜಾಸ್ತಿ, ಗ್ರಾಫ್ ತಲೆಕೆಳಗು. ಹುಡುಕಿದರೆ ಕಾರಣ ಒಂದೇ: ಮೂರನೇ ಹೆಜ್ಜೆಯನ್ನು ಎರಡನೆಯದಕ್ಕಿಂತ ಮೊದಲು ಇಟ್ಟಿರುತ್ತಾರೆ, ಅಂದರೆ ಡೊಮೈನ್ ಬರೆಯುವ ಮೊದಲೇ ಮೇಲೆ ಕೆಳಗೆ ಕ್ಯಾನ್ಸಲ್ ಮಾಡಿ ಹೊಡೆದಿರುತ್ತಾರೆ.

ಎಸ್ಸೆಸ್ಸೆಲ್ಸಿ ತನಕ ಕನ್ನಡದಲ್ಲಿ ಓದಿ, ಪಿಯು ಸೈನ್ಸ್‌ನಲ್ಲಿ ಇಂಗ್ಲಿಷ್ ಪಾಠಕ್ಕೆ ಕೂತವರಿಗೆ ಇದು ಇನ್ನೂ ಕಷ್ಟ. ಹೊಸ ಹೆಸರುಗಳ ಜೊತೆ ಗುದ್ದಾಡುವುದರಲ್ಲೇ ಅರ್ಧ ಶಕ್ತಿ ಹೋಗುತ್ತದೆ, ಕ್ರಮದ ಕಡೆ ಗಮನ ಉಳಿಯುವುದಿಲ್ಲ. ಅದಕ್ಕೇ ಇಲ್ಲಿ ಹೆಜ್ಜೆಗಳನ್ನು ಬಿಡಿಬಿಡಿಯಾಗಿ, ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ. ಪುಸ್ತಕದಲ್ಲಿ ಎಕ್ಸ್ ಇರುವ ಕಡೆ ನಾನು ಕ್ಷ ಎಂದೂ, ವೈ ಇರುವ ಕಡೆ ಯ ಎಂದೂ ಬರೆಯುತ್ತೇನೆ. ನೋಟ್‌ಬುಕ್‌ನಲ್ಲಿ ನಿಮಗೆ ರೂಢಿ ಇರುವ ಅಕ್ಷರವನ್ನೇ ಹಾಕಿಕೊಳ್ಳಿ.

ಮೊದಲಿನಿಂದ ಕೊನೆಯವರೆಗೆ ಒಂದೇ ಲೆಕ್ಕ ನಮ್ಮ ಜೊತೆ ಬರುತ್ತದೆ:

ಯ = (ಕ್ಷ² − ಕ್ಷ − 6) / (ಕ್ಷ² − 4)

ಇದನ್ನು ಈಗಲೇ ಒಂದು ಹಾಳೆಯ ಮೇಲ್ತುದಿಯಲ್ಲಿ ಬರೆದಿಟ್ಟುಕೊಳ್ಳಿ. ಬರೀ ಓದುತ್ತಾ ಹೋದರೆ ಎಲ್ಲ ಅರ್ಥವಾದಂತೆ ಅನಿಸುತ್ತದೆ, ಪರೀಕ್ಷೆಯಲ್ಲಿ ಕೈ ಓಡುವುದಿಲ್ಲ.

## ಕೂರುವ ಮೊದಲು ಏನೇನು ಬೇಕು

ಗ್ರಾಫ್ ಹಾಳೆ, ಚೂಪಾದ ಪೆನ್ಸಿಲ್, ಸ್ಕೇಲ್, ರಬ್ಬರ್, ಎರಡು ಬಣ್ಣದ ಪೆನ್. ಒಂದು ಬಣ್ಣ ಅಸಿಂಪ್ಟೋಟ್ ಗೆರೆಗಳಿಗೆ, ಇನ್ನೊಂದು ವಕ್ರರೇಖೆಗೆ. ಎರಡಕ್ಕೂ ಒಂದೇ ಬಣ್ಣ ಬಳಸಿದರೆ ಯಾವುದು ಗ್ರಾಫ್, ಯಾವುದು ಬರೀ ಗುರುತಿನ ಗೆರೆ ಎಂಬುದು ಮರುದಿನ ನಿಮಗೇ ಗೊತ್ತಾಗುವುದಿಲ್ಲ.

ತಲೆಯಲ್ಲಿ ಇರಬೇಕಾದದ್ದು ಎರಡು ಕೆಲಸ. ವರ್ಗ ಬಹುಪದೋಕ್ತಿಯನ್ನು ಅಪವರ್ತಿಸುವುದು ಒಂದು. ಬಹುಪದೋಕ್ತಿಗಳ ಉದ್ದ ಭಾಗಾಕಾರ ಇನ್ನೊಂದು. ಎರಡೂ ಹೈಸ್ಕೂಲಿನಲ್ಲಿ ಆಗಿರುವ ಪಾಠಗಳೇ. ಮಧ್ಯದ ಪದ ಒಡೆಯುವುದು ಮರೆತಿದ್ದರೆ ಇವತ್ತು ಅದನ್ನೇ ಒಂದಷ್ಟು ಲೆಕ್ಕ ಮಾಡಿ, ನಾಳೆ ಇಲ್ಲಿಗೆ ಬನ್ನಿ. ಅಪವರ್ತನ ತಡವರಿಸುತ್ತಿದ್ದರೆ ಮುಂದಿನ ಯಾವ ಹಂತವೂ ನಿಲ್ಲುವುದಿಲ್ಲ.

ಮೊಬೈಲ್‌ನಲ್ಲಿ ಗ್ರಾಫ್ ಎಳೆಯುವ ಆ್ಯಪ್ ಆದ ಡೆಸ್ಮೋಸ್ ಅಥವಾ ಜಿಯೋಜೀಬ್ರಾ ಇದ್ದರೆ ಒಳ್ಳೆಯದು. ಆದರೆ ಅದನ್ನು ಕೊನೆಯಲ್ಲಿ, ತಾಳೆ ನೋಡಲು ಮಾತ್ರ ತೆರೆಯಿರಿ.

## ಹಂತ 1: ಇದು ನಿಜಕ್ಕೂ ಭಾಗಲಬ್ಧ ಫಂಕ್ಷನ್ ಹೌದಾ?

ಅಂಶದಲ್ಲಿ ಒಂದು ಬಹುಪದೋಕ್ತಿ, ಛೇದದಲ್ಲಿ ಒಂದು ಬಹುಪದೋಕ್ತಿ, ಛೇದ ಪೂರ್ತಿ ಸೊನ್ನೆ ಆಗಿರಬಾರದು. ಇಷ್ಟೇ ಷರತ್ತು. ಕ್ಷದ ಘಾತ 0, 1, 2, 3 ಹೀಗೆ ಪೂರ್ಣ ಸಂಖ್ಯೆ ಆಗಿರಬೇಕು. ವರ್ಗಮೂಲದ ಒಳಗೆ ಕ್ಷ ಕೂತಿದ್ದರೆ, ಅಥವಾ 2ರ ಮೇಲೆ ಘಾತವಾಗಿ ಕ್ಷ ಇದ್ದರೆ, ಅದು ಬೇರೆ ಜಾತಿಯ ಫಂಕ್ಷನ್. ಕೆಳಗಿನ ನಿಯಮಗಳನ್ನು ಅದಕ್ಕೆ ಹಚ್ಚಬೇಡಿ.

√3 ಕ್ಷ + 1 ಬಂದರೆ ಹೆದರಬೇಡಿ. ಮೂಲದ ಒಳಗೆ ಬರೀ ಸಂಖ್ಯೆ ಇದೆ, ಕ್ಷ ಹೊರಗಿದೆ. ಅದು ಬಹುಪದೋಕ್ತಿಯೇ.

ನಮ್ಮ ಲೆಕ್ಕದಲ್ಲಿ ಮೇಲೂ ಕೆಳಗೂ ವರ್ಗ ಬಹುಪದೋಕ್ತಿ ಇದೆ. ಮುಂದೆ ಹೋಗಬಹುದು.

## ಹಂತ 2: ಏನನ್ನೂ ಹೊಡೆಯುವ ಮೊದಲು ಡೊಮೈನ್ ಬರೆಯಿರಿ

ಇಡೀ ಕೆಲಸದಲ್ಲಿ ಜಾಸ್ತಿ ಅಂಕ ಹೋಗುವುದು ಇಲ್ಲೇ. ಡೊಮೈನ್ ಅಂದರೆ ಕ್ಷಗೆ ಯಾವ ಯಾವ ಬೆಲೆ ಕೊಡಬಹುದು ಎಂಬ ಪಟ್ಟಿ. ಭಾಗಲಬ್ಧ ಫಂಕ್ಷನ್‌ಗೆ ಒಂದೇ ಒಂದು ನಿರ್ಬಂಧ: ಛೇದ ಸೊನ್ನೆ ಆಗುವಂತಿಲ್ಲ. ಹಾಗಾಗಿ ಛೇದವನ್ನು ಮಾತ್ರ ತೆಗೆದುಕೊಂಡು, ಸೊನ್ನೆಗೆ ಸಮ ಮಾಡಿ, ಬಿಡಿಸಿ.

ಕ್ಷ² − 4 = 0
(ಕ್ಷ − 2)(ಕ್ಷ + 2) = 0
ಕ್ಷ = 2 ಅಥವಾ ಕ್ಷ = −2

ಡೊಮೈನ್: 2 ಮತ್ತು −2 ಬಿಟ್ಟು ಉಳಿದ ಎಲ್ಲ ವಾಸ್ತವ ಸಂಖ್ಯೆಗಳು. ಇದನ್ನು ಬರೆದು, ಸುತ್ತ ಒಂದು ಚೌಕ ಹಾಕಿ. ಇನ್ನು ಮುಂದೆ ಏನೇ ಆದರೂ ಈ ಚೌಕದ ಒಳಗಿನ ಮಾತು ಬದಲಾಗುವುದಿಲ್ಲ.

ಅಂಶದ ಕಡೆ ಈಗ ನೋಡಲೇಬೇಡಿ. ಛೇದ ಸೊನ್ನೆ ಅಲ್ಲದ ಕಡೆ ಅಂಶ ಸೊನ್ನೆ ಆದರೆ ತೊಂದರೆಯೇನೂ ಇಲ್ಲ, ಆಗ ಯ = 0 ಆಗುತ್ತದೆ ಅಷ್ಟೇ. ಕೆಲವರು ಅಂಶದ ಬೇರುಗಳನ್ನೂ ಡೊಮೈನ್‌ನಿಂದ ತೆಗೆದುಹಾಕುತ್ತಾರೆ. 0/5 ಎಂದರೆ ಸೊನ್ನೆ. 5/0 ಗೆ ಬೆಲೆಯೇ ಇಲ್ಲ. ಈ ಎರಡರ ವ್ಯತ್ಯಾಸ ಗಟ್ಟಿಯಾಗಿದ್ದರೆ ಈ ತಪ್ಪು ಆಗುವುದಿಲ್ಲ.

ಬಹಳ ಮಕ್ಕಳು ಕೇಳುವ ಪ್ರಶ್ನೆ ಒಂದಿದೆ: “ಸರ್, ಮೇಲೆ ಕೆಳಗೆ ಕ್ಯಾನ್ಸಲ್ ಆದಮೇಲೆ ಅದು ಉಳಿಯೋದೇ ಇಲ್ಲ ಅಲ್ರೀ? ಮತ್ತೆ ಡೊಮೈನ್‌ನಿಂದ ಯಾಕೆ ತೆಗಿಬೇಕು?” ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಮೂಲ ಲೆಕ್ಕದಲ್ಲೇ ಕ್ಷ = −2 ಹಾಕಿ. ಅಂಶ 4 + 2 − 6 = 0. ಛೇದ 4 − 4 = 0. ಬಂದದ್ದು 0/0. ಅದಕ್ಕೆ ಬೆಲೆ ಇಲ್ಲ. ಪ್ರಶ್ನೆಯಲ್ಲಿ ಕೊಟ್ಟಿರುವುದು ಈ ಮೂಲ ರೂಪ. ಹೊಡೆದಮೇಲೆ ಉಳಿದದ್ದು ನಮ್ಮ ಅನುಕೂಲಕ್ಕೆ ಮಾಡಿಕೊಂಡ ಸಣ್ಣ ರೂಪ. ಕ್ಷ + 2 ಅನ್ನು ಹೊಡೆಯುವುದು ಎಂದರೆ ಮೇಲೂ ಕೆಳಗೂ ಅದರಿಂದ ಭಾಗಿಸುವುದು. ಸೊನ್ನೆಯಿಂದ ಭಾಗಿಸುವಂತಿಲ್ಲ. ಅಂದರೆ ಹೊಡೆಯುವ ಕ್ಷಣದಲ್ಲೇ “ಕ್ಷ ಇಲ್ಲಿ −2 ಅಲ್ಲ” ಎಂದು ನೀವು ಒಪ್ಪಿಕೊಂಡಿರುತ್ತೀರಿ.

ಛೇದ ಅಪವರ್ತನ ಆಗದಿದ್ದರೆ? ಕ್ಷ² + 1 ಇದ್ದರೆ ಯಾವ ವಾಸ್ತವ ಸಂಖ್ಯೆಗೂ ಅದು ಸೊನ್ನೆ ಆಗುವುದಿಲ್ಲ. ಆಗ ಡೊಮೈನ್ ಎಲ್ಲ ವಾಸ್ತವ ಸಂಖ್ಯೆಗಳು. ಅನುಮಾನ ಬಂದರೆ ಶೋಧಕ ನೋಡಿ: ಮಧ್ಯದ ಸಹಗುಣಕದ ವರ್ಗದಿಂದ, ಮೊದಲ ಸಹಗುಣಕ ಮತ್ತು ಕೊನೆಯ ಸಂಖ್ಯೆಯ ಗುಣಲಬ್ಧದ ನಾಲ್ಕರಷ್ಟನ್ನು ಕಳೆಯಿರಿ. ಋಣ ಬಂದರೆ ವಾಸ್ತವ ಬೇರುಗಳಿಲ್ಲ.

ಭಿನ್ನರಾಶಿಯೊಳಗೆ ಇನ್ನೊಂದು ಭಿನ್ನರಾಶಿ ಬಂದಾಗ ಎಚ್ಚರ ಜಾಸ್ತಿ ಬೇಕು. 1 / (1 + 1/ಕ್ಷ) ನೋಡಿ. ಒಳಗಿನ 1/ಕ್ಷಗಾಗಿ ಕ್ಷ = 0 ಹೋಯಿತು. ಹೊರಗಿನ ಛೇದ 1 + 1/ಕ್ಷ ಸೊನ್ನೆ ಆಗುವುದು ಕ್ಷ = −1 ಆದಾಗ, ಅದೂ ಹೋಯಿತು. ಇದನ್ನು ಕ್ಷ/(ಕ್ಷ + 1) ಎಂದು ಸರಳ ಮಾಡಿಕೊಂಡು ಆಮೇಲೆ ಡೊಮೈನ್ ಬರೆದವರಿಗೆ 0 ಕಾಣುವುದೇ ಇಲ್ಲ. ಒಳಗಿನಿಂದ ಹೊರಗೆ ಬನ್ನಿ, ಒಂದೊಂದು ಛೇದವನ್ನೂ ಬೇರೆಬೇರೆ ಕೇಳಿ.

## ಹಂತ 3: ಈಗ ಅಪವರ್ತಿಸಿ, ಹೊಡೆಯಿರಿ, ತೂತು ಗುರುತಿಸಿ

ಅಂಶವನ್ನೂ ಅಪವರ್ತಿಸಿ:

ಯ = (ಕ್ಷ − 3)(ಕ್ಷ + 2) / (ಕ್ಷ − 2)(ಕ್ಷ + 2)

(ಕ್ಷ + 2) ಎರಡೂ ಕಡೆ ಇದೆ. ಹೊಡೆದರೆ ಯ = (ಕ್ಷ − 3)/(ಕ್ಷ − 2) ಉಳಿಯುತ್ತದೆ. ಪಕ್ಕದಲ್ಲೇ “ಕ್ಷ ≠ −2” ಎಂದು ಬರೆಯಿರಿ. ಬರೆಯದೆ ಮುಂದಿನ ಸಾಲಿಗೆ ಹೋಗಬೇಡಿ.

ಹೀಗೆ ಪೂರ್ತಿ ಹೊಡೆದುಹೋದ ಜಾಗದಲ್ಲಿ ಗ್ರಾಫ್‌ಗೆ ಒಂದು ತೂತು ಇರುತ್ತದೆ. ಅದರ ಎತ್ತರ ತಿಳಿಯಲು ಸಣ್ಣ ರೂಪದಲ್ಲಿ ಕ್ಷ = −2 ಹಾಕಿ: (−5)/(−4) = 5/4. ತೂತು ಇರುವ ಬಿಂದು (−2, 5/4). ಅಲ್ಲಿ ತುಂಬದ ಸಣ್ಣ ವೃತ್ತ ಹಾಕಬೇಕು.

ಹೊಡೆಯುವುದರಲ್ಲಿ ದೊಡ್ಡ ತಪ್ಪು ಒಂದಿದೆ: ಪದಗಳನ್ನು ಹೊಡೆಯುವುದು. (ಕ್ಷ² − ಕ್ಷ − 6)/(ಕ್ಷ² − 4) ನೋಡಿದ ಕೂಡಲೇ ಎರಡೂ ಕಡೆಯ ಕ್ಷ² ಮೇಲೆ ಗೆರೆ ಎಳೆಯುತ್ತಾರೆ. ಗುಣಾಕಾರದಲ್ಲಿರುವ ಅಪವರ್ತನವನ್ನು ಮಾತ್ರ ಹೊಡೆಯಬಹುದು. ಕೂಡಿದ, ಕಳೆದ ಪದವನ್ನು ಹೊಡೆಯುವಂತಿಲ್ಲ. (3 + 5)/(3 + 1) ಎಂದರೆ 8/4, ಅಂದರೆ 2. ಮೂರು ಹೊಡೆದರೆ 5 ಬರುತ್ತದೆ. ಎರಡೂ ಒಂದೇ ಅಲ್ವಲ್ಲ.

ಇನ್ನೊಂದು ಬಲೆ: ಹೊಡೆದದ್ದೆಲ್ಲ ತೂತು ಆಗುವುದಿಲ್ಲ. (ಕ್ಷ − 2)/(ಕ್ಷ − 2)² ತೆಗೆದುಕೊಳ್ಳಿ. ಒಂದು ಹೊಡೆದರೂ ಕೆಳಗೆ ಇನ್ನೊಂದು ಉಳಿಯುತ್ತದೆ: 1/(ಕ್ಷ − 2). ಅಲ್ಲಿ ತೂತಿಲ್ಲ, ಲಂಬ ಅಸಿಂಪ್ಟೋಟ್ ಇದೆ. ಹೊಡೆದಮೇಲೂ ಆ ಅಪವರ್ತನ ಛೇದದಲ್ಲಿ ಉಳಿದಿದೆಯಾ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಉಳಿದಿಲ್ಲದಿದ್ದರೆ ತೂತು.

## ಹಂತ 4: ಲಂಬ ಅಸಿಂಪ್ಟೋಟ್

ಸಣ್ಣ ರೂಪದ ಛೇದವನ್ನು ಸೊನ್ನೆ ಮಾಡಿ. ಕ್ಷ − 2 = 0, ಹಾಗಾಗಿ ಲಂಬ ಅಸಿಂಪ್ಟೋಟ್ ಕ್ಷ = 2. ಡೊಮೈನ್‌ಗೆ ಮೂಲ ಛೇದ, ಲಂಬ ಅಸಿಂಪ್ಟೋಟ್‌ಗೆ ಸಣ್ಣ ರೂಪದ ಛೇದ. ಇವೆರಡು ಅದಲುಬದಲಾದರೆ ಎರಡು ಉತ್ತರವೂ ಒಟ್ಟಿಗೆ ತಪ್ಪುತ್ತವೆ.

ಇಲ್ಲಿ ಏನು ನಡೆಯುತ್ತಿದೆ ಎಂದು ಕೈಯಿಂದ ಲೆಕ್ಕ ಹಾಕಿ ನೋಡಬೇಕು. ಕ್ಷ = 1.9 ಆದರೆ ಯ = (−1.1)/(−0.1) = 11. ಕ್ಷ = 1.99 ಆದರೆ 101. ಇನ್ನು 2ರ ಬಲಗಡೆ: ಕ್ಷ = 2.1 ಆದರೆ 0.1ರಿಂದ −0.9 ಅನ್ನು ಭಾಗಿಸಿದಾಗ −9. ಕ್ಷ = 2.01 ಆದರೆ −99. ಅಂಶ ಹತ್ತತ್ತಿರ −1ರಲ್ಲೇ ನಿಂತಿದೆ, ಛೇದ ಮಾತ್ರ ಚಿಕ್ಕದಾಗುತ್ತಾ ಹೋಗುತ್ತಿದೆ. ಚಿಕ್ಕದರಿಂದ ಭಾಗಿಸಿದಷ್ಟೂ ಬೆಲೆ ದೊಡ್ಡದು. ಎಡದಿಂದ ಬಂದರೆ ಮೇಲಕ್ಕೆ, ಬಲದಿಂದ ಬಂದರೆ ಕೆಳಕ್ಕೆ.

ಈ ನಾಲ್ಕು ಬೆಲೆ ಹಾಕುವುದಕ್ಕೆ ಎರಡು ನಿಮಿಷ ಸಾಕು. ಹಾಕದವರು ಗ್ರಾಫ್‌ನ ಎರಡು ತುಂಡನ್ನೂ ಮೇಲಕ್ಕೇ ಎಳೆದು ಬರುತ್ತಾರೆ. ಎರಡೂ ಕಡೆ ಒಂದೇ ದಿಕ್ಕಿಗೆ ಹೋಗುವ ಫಂಕ್ಷನ್‌ಗಳೂ ಇವೆ. 1/(ಕ್ಷ − 2)² ಆದರೆ ವರ್ಗ ಇರುವುದರಿಂದ ಛೇದ ಯಾವಾಗಲೂ ಧನ, ಎರಡೂ ತುಂಡು ಮೇಲಕ್ಕೇ ಹೋಗುತ್ತವೆ. ಸಣ್ಣ ರೂಪದ ಛೇದದಲ್ಲಿ ಆ ಅಪವರ್ತನದ ಘಾತ ಬೆಸ ಆಗಿದ್ದರೆ ದಿಕ್ಕು ಬದಲಾಗುತ್ತದೆ, ಸಮ ಆಗಿದ್ದರೆ ಬದಲಾಗುವುದಿಲ್ಲ.

ಲಂಬ ಅಸಿಂಪ್ಟೋಟ್ ಅನ್ನು ಗ್ರಾಫ್ ಎಂದಿಗೂ ದಾಟುವುದಿಲ್ಲ. ಆ ಕ್ಷ ಬೆಲೆ ಡೊಮೈನ್‌ನಲ್ಲೇ ಇಲ್ಲ, ದಾಟಲು ಅಲ್ಲಿ ಬಿಂದುವೇ ಇಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದಿನ ಹಂತದಲ್ಲಿ ಇದೇ ಮಾತು ತಪ್ಪಾಗಿ ಬಳಕೆಯಾಗುತ್ತದೆ.

## ಹಂತ 5: ದೂರ ಹೋದಾಗ ಏನಾಗುತ್ತದೆ

ಕ್ಷ ತುಂಬಾ ದೊಡ್ಡದಾದಾಗ, ಅಥವಾ ಋಣದ ಕಡೆ ತುಂಬಾ ದೂರ ಹೋದಾಗ, ಗ್ರಾಫ್ ಯಾವ ಗೆರೆಗೆ ಹತ್ತಿರವಾಗುತ್ತದೆ? ಇದಕ್ಕೆ ಅಂಶದ ಡಿಗ್ರಿ (ಕ್ಷದ ಅತಿ ದೊಡ್ಡ ಘಾತ) ಮತ್ತು ಛೇದದ ಡಿಗ್ರಿ ಹೋಲಿಸಿದರೆ ಸಾಕು.

ಅಂಶದ ಡಿಗ್ರಿ ಚಿಕ್ಕದಿದ್ದರೆ ಅಡ್ಡ ಅಸಿಂಪ್ಟೋಟ್ ಯ = 0.

ಎರಡೂ ಸಮ ಇದ್ದರೆ, ಮೇಲಿನ ಅತಿ ದೊಡ್ಡ ಘಾತದ ಸಹಗುಣಕವನ್ನು ಕೆಳಗಿನದರಿಂದ ಭಾಗಿಸಿ. ನಮ್ಮ ಲೆಕ್ಕದಲ್ಲಿ 1/1, ಅಡ್ಡ ಅಸಿಂಪ್ಟೋಟ್ ಯ = 1.

ಅಂಶದ ಡಿಗ್ರಿ ಸರಿಯಾಗಿ ಒಂದು ಹೆಚ್ಚಿದ್ದರೆ ಓರೆ ಅಸಿಂಪ್ಟೋಟ್. ಅದಕ್ಕೆ ಉದ್ದ ಭಾಗಾಕಾರ ಬೇಕು. ಎರಡು ಅಥವಾ ಅದಕ್ಕಿಂತ ಹೆಚ್ಚಿದ್ದರೆ ದೂರದಲ್ಲಿ ಗ್ರಾಫ್ ನೇರ ಗೆರೆಯನ್ನು ಹಿಂಬಾಲಿಸುವುದಿಲ್ಲ, ಪರವಲಯದಂಥ ವಕ್ರರೇಖೆಯನ್ನು ಹಿಂಬಾಲಿಸುತ್ತದೆ. ಪಿಯುನಲ್ಲಿ ಅಷ್ಟು ದೂರ ಹೋಗುವ ಅಗತ್ಯ ಬರುವುದು ಕಡಿಮೆ.

ಈ ನಿಯಮಗಳನ್ನು ಬಾಯಿಪಾಠ ಮಾಡುವ ಬದಲು ಕಾರಣ ತಿಳಿದಿರಿ. (ಕ್ಷ − 3)/(ಕ್ಷ − 2) ರಲ್ಲಿ ಕ್ಷ = 12 ಹಾಕಿದರೆ 9/10 = 0.9. ಕ್ಷ = 102 ಆದರೆ 99/100 = 0.99. ಋಣದ ಕಡೆ ಕ್ಷ = −8 ಆದರೆ 1.1, ಕ್ಷ = −98 ಆದರೆ 1.01. ಕ್ಷ ನೂರು, ಸಾವಿರ ಆದಾಗ 3 ಕಳೆದರೇನು, 2 ಕಳೆದರೇನು, ಅಂಶವೂ ಛೇದವೂ ಹೆಚ್ಚುಕಡಿಮೆ ಒಂದೇ. ಬಲಗಡೆ ಕೆಳಗಿನಿಂದ 1ಕ್ಕೆ ಹತ್ತಿರ, ಎಡಗಡೆ ಮೇಲಿನಿಂದ 1ಕ್ಕೆ ಹತ್ತಿರ. ಈ ವಿವರವನ್ನು ಗ್ರಾಫ್ ಎಳೆಯುವಾಗ ಬಳಸುತ್ತೇವೆ.

ಬಹುಪದೋಕ್ತಿಯ ಪದಗಳನ್ನು ಪ್ರಶ್ನೆಯಲ್ಲಿ ಅಡ್ಡಾದಿಡ್ಡಿ ಕೊಟ್ಟಿರುತ್ತಾರೆ. (5 + 2ಕ್ಷ − 6ಕ್ಷ²)/(3ಕ್ಷ² + 1) ಎಂದಿದ್ದರೆ ಮೊದಲು ಕಂಡ 5 ಮತ್ತು 3 ತೆಗೆದುಕೊಂಡು 5/3 ಎನ್ನುವವರಿದ್ದಾರೆ. ಘಾತ ನೋಡಿ: −6/3 = −2. ಉತ್ತರ ಯ = −2.

### ಅಡ್ಡ ಅಸಿಂಪ್ಟೋಟ್ ಅನ್ನು ಗ್ರಾಫ್ ದಾಟಬಹುದು

“ಅಸಿಂಪ್ಟೋಟ್ ಅಂದರೆ ಮುಟ್ಟದ ಗೆರೆ” ಎಂದು ಎಲ್ಲೋ ಕೇಳಿಕೊಂಡು ಬಂದಿರುತ್ತಾರೆ. ಲಂಬ ಅಸಿಂಪ್ಟೋಟ್‌ಗೆ ಅದು ಸರಿ. ಅಡ್ಡ ಅಸಿಂಪ್ಟೋಟ್‌ಗೆ ಸರಿಯಲ್ಲ. ಅಡ್ಡ ಗೆರೆ ಹೇಳುವುದು ಬಹುದೂರದ ಸಂಗತಿಯನ್ನು ಮಾತ್ರ. ನಡುವೆ ಗ್ರಾಫ್ ಅದನ್ನು ಮುಟ್ಟಬಹುದು, ದಾಟಬಹುದು.

ಯ = (ಕ್ಷ² − ಕ್ಷ − 2)/(ಕ್ಷ² + 1) ನೋಡಿ. ಡಿಗ್ರಿ ಸಮ, ಅಡ್ಡ ಅಸಿಂಪ್ಟೋಟ್ ಯ = 1. ದಾಟುತ್ತದಾ ಎಂದು ತಿಳಿಯಲು ಫಂಕ್ಷನ್ ಅನ್ನು 1ಕ್ಕೆ ಸಮ ಮಾಡಿ: ಕ್ಷ² − ಕ್ಷ − 2 = ಕ್ಷ² + 1, ಅಂದರೆ ಕ್ಷ = −3. ತಾಳೆ: (9 + 3 − 2)/(9 + 1) = 10/10 = 1. ಹೌದು, (−3, 1) ಬಿಂದುವಿನಲ್ಲಿ ದಾಟುತ್ತದೆ.

ನಮ್ಮ ಮುಖ್ಯ ಲೆಕ್ಕದಲ್ಲಿ ಹಾಗೇ ಮಾಡಿದರೆ ಕ್ಷ − 3 = ಕ್ಷ − 2, ಅಂದರೆ −3 = −2 ಎಂದು ಬರುತ್ತದೆ. ಅದು ಸಾಧ್ಯವಿಲ್ಲ. ಹಾಗಾಗಿ ಇಲ್ಲಿ ದಾಟುವುದಿಲ್ಲ. ಪ್ರತಿ ಲೆಕ್ಕದಲ್ಲೂ ಹೀಗೆ ಸಮ ಮಾಡಿ ನೋಡಿಯೇ ಹೇಳಬೇಕು.

### ಓರೆ ಅಸಿಂಪ್ಟೋಟ್

ಯ = (ಕ್ಷ² + 1)/(ಕ್ಷ − 1). ಭಾಗಾಕಾರ ಮಾಡುವಾಗ ಇಲ್ಲದ ಪದಕ್ಕೆ ಜಾಗ ಬಿಡಿ: ಕ್ಷ² + 0·ಕ್ಷ + 1. ಆ ಸೊನ್ನೆ ಬರೆಯದೆ ಕೂತವರ ಕಾಲಂಗಳು ಒಂದರ ಕೆಳಗೆ ಒಂದು ಬರುವುದಿಲ್ಲ. ಭಾಗಿಸಿದರೆ ಭಾಗಲಬ್ಧ ಕ್ಷ + 1, ಶೇಷ 2.

ಯ = ಕ್ಷ + 1 + 2/(ಕ್ಷ − 1)

ದೂರ ಹೋದಂತೆ 2/(ಕ್ಷ − 1) ಸೊನ್ನೆಗೆ ಹತ್ತಿರ. ಉಳಿಯುವುದು ಯ = ಕ್ಷ + 1. ಅದೇ ಓರೆ ಅಸಿಂಪ್ಟೋಟ್. ಕ್ಷ²/ಕ್ಷ = ಕ್ಷ ಎಂದು ಮೊದಲ ಪದ ಮಾತ್ರ ಭಾಗಿಸಿ ಯ = ಕ್ಷ ಎಂದು ಬರೆಯುವುದು ಇಲ್ಲಿಯ ಮಾಮೂಲಿ ತಪ್ಪು. ಕ್ಷ = 101 ಹಾಕಿ ಪರೀಕ್ಷಿಸಿ: ಯ = 102.02. ಕ್ಷ + 1 ಕೊಡುವುದು 102, ಬರೀ ಕ್ಷ ಕೊಡುವುದು 101. ಯಾವ ಗೆರೆ ಹತ್ತಿರ ಎಂಬುದು ಕಣ್ಣೆದುರೇ ಇದೆ.

ಓರೆ ಅಸಿಂಪ್ಟೋಟ್ ಇದ್ದ ಕಡೆ ಅಡ್ಡ ಅಸಿಂಪ್ಟೋಟ್ ಇರುವುದಿಲ್ಲ. ಉತ್ತರದಲ್ಲಿ ಎರಡೂ ಬಂದಿದ್ದರೆ ಡಿಗ್ರಿ ಹೋಲಿಕೆಗೆ ವಾಪಸ್ ಹೋಗಿ.

## ಹಂತ 6: ಅಕ್ಷಗಳನ್ನು ಎಲ್ಲಿ ಕಡಿಯುತ್ತದೆ

ಸಣ್ಣ ರೂಪದ ಅಂಶ ಸೊನ್ನೆ ಆದ ಕಡೆ ಗ್ರಾಫ್ ಕ್ಷ ಅಕ್ಷವನ್ನು ಮುಟ್ಟುತ್ತದೆ: ಕ್ಷ = 3. ಕ್ಷ = 0 ಹಾಕಿದರೆ ಯ = 3/2, ಅಲ್ಲಿ ಯ ಅಕ್ಷವನ್ನು ಕಡಿಯುತ್ತದೆ. ಹೊಡೆದುಹೋದ −2 ಅನ್ನು ಮತ್ತೆ ತಂದು “ಅಲ್ಲೂ ಕಡಿಯುತ್ತದೆ” ಎನ್ನಬೇಡಿ. ಅಲ್ಲಿ ತೂತಿದೆ, ಅದೂ 5/4 ಎತ್ತರದಲ್ಲಿ.

## ಹಂತ 7: ಚಿಹ್ನೆಯ ಪಟ್ಟಿ

ಸಂಖ್ಯಾ ರೇಖೆ ಎಳೆದು ಲಂಬ ಅಸಿಂಪ್ಟೋಟ್, ತೂತು, ಸೊನ್ನೆ ಆಗುವ ಜಾಗ, ಮೂರನ್ನೂ ಗುರುತಿಸಿ: −2, 2, 3. ಪ್ರತಿ ಭಾಗದಿಂದ ಒಂದು ಸಂಖ್ಯೆ ಆರಿಸಿ ಸಣ್ಣ ರೂಪದಲ್ಲಿ ಹಾಕಿ. ಬೆಲೆ ಬೇಡ, ಚಿಹ್ನೆ ಸಾಕು.

2ಕ್ಕಿಂತ ಕೆಳಗೆ ಅಂಶವೂ ಋಣ, ಛೇದವೂ ಋಣ. ಹಾಗಾಗಿ ಯ ಧನ. −2ರಲ್ಲಿ ಬರೀ ತೂತು, ಚಿಹ್ನೆ ಬದಲಾಗುವುದಿಲ್ಲ. 2 ಮತ್ತು 3ರ ನಡುವೆ ಅಂಶ ಋಣ, ಛೇದ ಧನ. ಯ ಋಣ. 3ಕ್ಕಿಂತ ಮೇಲೆ ಎರಡೂ ಧನ. ಯ ಧನ.

ಈ ಪಟ್ಟಿ ಗ್ರಾಫ್‌ಗೆ ಮಾತ್ರ ಅಲ್ಲ. ವರ್ಗಮೂಲದ ಒಳಗೆ (ಕ್ಷ − 3)/(ಕ್ಷ − 2) ಕೊಟ್ಟು ಡೊಮೈನ್ ಕೇಳಿದರೆ ಇದೇ ಪಟ್ಟಿ ಉತ್ತರ ಕೊಡುತ್ತದೆ: ಕ್ಷ < 2 ಅಥವಾ ಕ್ಷ ≥ 3. ಇಲ್ಲಿ 3 ಸೇರುತ್ತದೆ, 2 ಸೇರುವುದಿಲ್ಲ. ಇಂಥ ಪ್ರಶ್ನೆಯಲ್ಲಿ ಅಡ್ಡ ಗುಣಾಕಾರ ಮಾಡಿ ಕ್ಷ − 3 ≥ 0 ಎಂದು ಬರೆದರೆ ಅರ್ಧ ಉತ್ತರ ಹೋಗುತ್ತದೆ. ಛೇದ ಧನವೋ ಋಣವೋ ಗೊತ್ತಿಲ್ಲದೆ ಅಸಮತೆಯನ್ನು ಅದರಿಂದ ಗುಣಿಸುವಂತಿಲ್ಲ.

## ಹಂತ 8: ಈಗ ಗ್ರಾಫ್, ಆಮೇಲೆ ವ್ಯಾಪ್ತಿ

ಒಂದು ಬಣ್ಣದಲ್ಲಿ ಚುಕ್ಕಿಗೆರೆಗಳು: ಕ್ಷ = 2, ಯ = 1. ಇನ್ನೊಂದರಲ್ಲಿ ಬಿಂದುಗಳು: (3, 0), (0, 3/2), ತೂತಿನ ವೃತ್ತ (−2, 5/4). ಎಡ ತುಂಡು ದೂರದಲ್ಲಿ ಯ = 1ರ ಸ್ವಲ್ಪ ಮೇಲಿಂದ ಶುರುವಾಗಿ, ತೂತು ಹಾಯ್ದು, ಯ ಅಕ್ಷವನ್ನು 3/2ರಲ್ಲಿ ಕಡಿದು, ಕ್ಷ = 2ರ ಹತ್ತಿರ ಮೇಲಕ್ಕೆ ಏರುತ್ತದೆ. ಬಲ ತುಂಡು ಕ್ಷ = 2ರ ಪಕ್ಕ ತೀರಾ ಕೆಳಗಿನಿಂದ ಹೊರಟು, 3ರಲ್ಲಿ ಅಕ್ಷ ದಾಟಿ, ಯ = 1ಕ್ಕೆ ಕೆಳಗಿನಿಂದ ಹತ್ತಿರವಾಗುತ್ತದೆ. ಎರಡು ತುಂಡನ್ನು ಸೇರಿಸಿ ಎಳೆಯಬೇಡಿ. ಪೆನ್ಸಿಲ್ ಎತ್ತಲೇಬೇಕು.

ವ್ಯಾಪ್ತಿ, ಅಂದರೆ ಯಗೆ ಯಾವ ಯಾವ ಬೆಲೆ ಬರಬಹುದು ಎಂಬ ಪಟ್ಟಿ, ಕೇಳಿದರೆ ಬಹಳ ಜನ “1 ಬಿಟ್ಟು ಎಲ್ಲ” ಎಂದು ನಿಲ್ಲಿಸುತ್ತಾರೆ. ತೂತು ಮರೆತಿರುತ್ತಾರೆ. (ಕ್ಷ − 3)/(ಕ್ಷ − 2) 1 ಬಿಟ್ಟು ಪ್ರತಿ ಬೆಲೆಯನ್ನೂ ಒಂದೇ ಸಲ ಮುಟ್ಟುತ್ತದೆ. 5/4 ಮುಟ್ಟಬೇಕಾದದ್ದು ಕ್ಷ = −2ರಲ್ಲಿ, ಅದು ಡೊಮೈನ್‌ನಲ್ಲಿ ಇಲ್ಲ. ಆದ್ದರಿಂದ ವ್ಯಾಪ್ತಿ 1 ಮತ್ತು 5/4 ಎರಡನ್ನೂ ಬಿಟ್ಟು ಉಳಿದ ವಾಸ್ತವ ಸಂಖ್ಯೆಗಳು. ಹಂತ 2ರ ಚೌಕ ಇಲ್ಲಿ ಮತ್ತೆ ಕೆಲಸಕ್ಕೆ ಬಂತು ನೋಡಿ.

ಈಗ ಡೆಸ್ಮೋಸ್ ತೆರೆದು ತಾಳೆ ನೋಡಿ. ಒಂದು ಎಚ್ಚರ: ಒಂದೇ ಬಿಂದುವಿನ ತೂತು ಪರದೆಯ ಮೇಲೆ ಸುಮ್ನೆ ನೋಡಿದರೆ ಕಾಣುವುದಿಲ್ಲ, ಗೆರೆ ಅಖಂಡವಾಗಿದೆ ಎನಿಸುತ್ತದೆ. ಆ್ಯಪ್ ತೋರಿಸಲಿಲ್ಲ ಎಂದು ನಿಮ್ಮ ಉತ್ತರದಿಂದ ತೂತು ಅಳಿಸಬೇಡಿ.

## ದಾವಣಗೆರೆ–ಚಿತ್ರದುರ್ಗ ರಸ್ತೆಯಲ್ಲಿ ಒಂದು ಅಸಿಂಪ್ಟೋಟ್

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಹೋಗುವಾಗ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದಿರಿ ಎಂದಿಟ್ಟುಕೊಳ್ಳಿ. ಬರುವಾಗಿನ ವೇಗ ವ. ಹೋಗಿಬರುವ ಒಟ್ಟು ಪ್ರಯಾಣದ ಸರಾಸರಿ ವೇಗ ಎಷ್ಟು?

ಒಟ್ಟು ದೂರ 120. ಒಟ್ಟು ಸಮಯ 60/40 + 60/ವ. ಭಾಗಿಸಿ ಸರಳ ಮಾಡಿದರೆ:

ಸರಾಸರಿ = 80ವ / (ವ + 40)

60 ಎಲ್ಲೂ ಉಳಿಯಲಿಲ್ಲ. ದೂರ ಎಷ್ಟಿದ್ದರೂ ಉತ್ತರ ಇದೇ. ಇದು ಭಾಗಲಬ್ಧ ಫಂಕ್ಷನ್. ಬೀಜಗಣಿತದ ಪ್ರಕಾರ ಸರಳ ರೂಪದಿಂದ ಹೋಗುವುದು −40 ಒಂದೇ. ಮೂಲದಲ್ಲಿ 60/ವ ಇರುವುದರಿಂದ 0 ಕೂಡ ಹೋಗುತ್ತದೆ. ಆದರೆ ಇಲ್ಲಿ ವ ಎಂದರೆ ಗಾಡಿಯ ವೇಗ, ಋಣ ಆಗುವಂತಿಲ್ಲ. ಹಾಗಾಗಿ ಡೊಮೈನ್ ವ > 0. ಕ್ಷ ಬದಲು ನಿಜವಾದ ವಸ್ತು ಬಂದಾಗ ಛೇದ ಮಾತ್ರ ನೋಡಿದರೆ ಸಾಲದು, ಆ ವಸ್ತು ಏನೇನು ಆಗಬಹುದು ಎಂದೂ ನೋಡಬೇಕು. ಲಂಬ ಅಸಿಂಪ್ಟೋಟ್ ವ = −40 ಕಾಗದದ ಮೇಲೆ ಇದೆ, ರಸ್ತೆಯ ಮೇಲೆ ಇಲ್ಲ.

ಅಡ್ಡ ಅಸಿಂಪ್ಟೋಟ್ 80. ಬರುವಾಗ 60ರಲ್ಲಿ ಬಂದರೆ ಸರಾಸರಿ 48. 120ರಲ್ಲಿ ಬಂದರೆ 60. ಎಷ್ಟೇ ಜೋರಾಗಿ ಬಂದರೂ 80 ಮುಟ್ಟುವುದಿಲ್ಲ. ಕಾರಣ ಸಮಯದಲ್ಲಿದೆ. 120 ಕಿ.ಮೀ.ಗೆ ಸರಾಸರಿ 80 ಬರಬೇಕಾದರೆ ಒಟ್ಟು ಒಂದೂವರೆ ಗಂಟೆ ಆಗಬೇಕು. ಹೋಗುವುದಕ್ಕೇ ಒಂದೂವರೆ ಗಂಟೆ ಆಗಿಹೋಗಿದೆ. ವಾಪಸ್ ಬರಲು ಉಳಿದದ್ದು ಸೊನ್ನೆ ನಿಮಿಷ. ಅಸಿಂಪ್ಟೋಟ್ ಎಂಬುದು ಗ್ರಾಫ್ ಹಾಳೆಯ ಅಲಂಕಾರ ಎಂದುಕೊಂಡಿರುವವರಿಗೆ ನಾನು ಈ ಲೆಕ್ಕವನ್ನೇ ಕೊಡುತ್ತೇನೆ.

## ಉತ್ತರ ತಪ್ಪಿದೆ ಎಂದು ಹೇಳುವ ಗುರುತುಗಳು

ಡೊಮೈನ್‌ನಿಂದ ತೆಗೆದ ಸಂಖ್ಯೆಗಳು ಎಷ್ಟಿವೆಯೋ, ತೂತು ಮತ್ತು ಲಂಬ ಅಸಿಂಪ್ಟೋಟ್ ಕೂಡಿಸಿದರೆ ಅಷ್ಟೇ ಬರಬೇಕು. ನಮ್ಮ ಮುಖ್ಯ ಲೆಕ್ಕದಲ್ಲಿ ತೆಗೆದದ್ದು ಎರಡು, ತೂತು ಒಂದು, ಲಂಬ ಒಂದು. ಲೆಕ್ಕ ತಾಳೆಯಾಗದಿದ್ದರೆ ಹಂತ 3ಕ್ಕೆ ಹಿಂತಿರುಗಿ. ನಾನು ಉತ್ತರ ಪತ್ರಿಕೆ ನೋಡುವಾಗ ಮೊದಲು ನೋಡುವುದು ಇದನ್ನೇ.

ಒಂದು ಭಾಗಲಬ್ಧ ಫಂಕ್ಷನ್‌ಗೆ ಎರಡು ಅಡ್ಡ ಅಸಿಂಪ್ಟೋಟ್ ಬಂದಿದ್ದರೆ ಖಂಡಿತ ತಪ್ಪು. ಎಡಕ್ಕೂ ಬಲಕ್ಕೂ ಅದೇ ಗೆರೆ. ಲಂಬ ಅಸಿಂಪ್ಟೋಟ್ ಅನ್ನು “ಯ = 2” ಎಂದೂ ಅಡ್ಡದ್ದನ್ನು “ಕ್ಷ = 1” ಎಂದೂ ಬರೆಯುವುದು ಅವಸರದ ತಪ್ಪು. ನಿಂತಿರುವ ಗೆರೆಗೆ ಕ್ಷ, ಮಲಗಿರುವ ಗೆರೆಗೆ ಯ. ಬರೀ “2” ಎಂದು ಬರೆದರೂ ಸಾಲದು. ಅಸಿಂಪ್ಟೋಟ್ ಒಂದು ಗೆರೆ, ಅದಕ್ಕೆ ಸಮೀಕರಣ ಬೇಕು.

## ಮಾಡಿ ನೋಡಿ

ಉತ್ತರವನ್ನು ಕೈಯಿಂದ ಮುಚ್ಚಿಕೊಂಡು ಎಂಟೂ ಹಂತ ಮಾಡಿ.

1. ಯ = (2ಕ್ಷ + 6)/(ಕ್ಷ² − 9). ಡೊಮೈನ್ 3 ಮತ್ತು −3 ಬಿಟ್ಟು. ತೂತು (−3, −1/3). ಲಂಬ ಕ್ಷ = 3, ಅಡ್ಡ ಯ = 0. ಕ್ಷ ಅಕ್ಷವನ್ನು ಕಡಿಯುವುದೇ ಇಲ್ಲ.

2. ಯ = (3ಕ್ಷ² − 12)/(ಕ್ಷ² + ಕ್ಷ − 2). ಡೊಮೈನ್ −2 ಮತ್ತು 1 ಬಿಟ್ಟು. ತೂತು (−2, 4). ಲಂಬ ಕ್ಷ = 1, ಅಡ್ಡ ಯ = 3. ಕ್ಷ ಅಕ್ಷವನ್ನು 2ರಲ್ಲಿ, ಯ ಅಕ್ಷವನ್ನು 6ರಲ್ಲಿ ಕಡಿಯುತ್ತದೆ.

3. ಯ = (ಕ್ಷ² − 5ಕ್ಷ + 6)/(ಕ್ಷ − 1). ಲಂಬ ಕ್ಷ = 1, ಓರೆ ಯ = ಕ್ಷ − 4. ಕ್ಷ ಅಕ್ಷವನ್ನು 2 ಮತ್ತು 3ರಲ್ಲಿ, ಯ ಅಕ್ಷವನ್ನು −6ರಲ್ಲಿ ಕಡಿಯುತ್ತದೆ.

4. ಯ = (ಕ್ಷ³ − ಕ್ಷ)/(ಕ್ಷ² − ಕ್ಷ). ಛೇದ 0 ಮತ್ತು 1ರಲ್ಲಿ ಸೊನ್ನೆ. ಎರಡೂ ಪೂರ್ತಿ ಹೊಡೆದುಹೋಗುತ್ತವೆ, ಉಳಿಯುವುದು ಯ = ಕ್ಷ + 1. ಲಂಬ ಅಸಿಂಪ್ಟೋಟ್ ಒಂದೂ ಇಲ್ಲ. ಗ್ರಾಫ್ ಒಂದು ನೇರ ಗೆರೆ, (0, 1) ಮತ್ತು (1, 2) ಬಿಂದುಗಳಲ್ಲಿ ತೂತು. ಇದಕ್ಕೆ ಕ್ಷ = 0 ಮತ್ತು ಕ್ಷ = 1 ಲಂಬ ಅಸಿಂಪ್ಟೋಟ್ ಎಂದು ಬರೆದಿದ್ದರೆ ಹಂತ 3 ಮತ್ತು 4 ಮತ್ತೊಮ್ಮೆ ಓದಿ, ಆಮೇಲೆ ಇದೇ ಲೆಕ್ಕವನ್ನು ಹೊಸ ಹಾಳೆಯಲ್ಲಿ ಮಾಡಿ.